‘ಎಲ್ಲಿ ನೋವು?’ ಎಂದು ಕೇಳುವ ಬೊಂಬೆ

"ಏನು ತೊಂದರೆ ಅಮ್ಮ?" ಎಂದು ಕೇಳಿದಳು ಫಿಸಿಯೋಥೆರಪಿ ಕ್ಲಿನಿಕ್ಕಿನ ಕೌಂಟರ್‌ನಲ್ಲಿದ್ದ ಹುಡುಗಿ. "ಕಾಲು ನೋವು ಕಣಮ್ಮ" ಎಂದಳು ನನ್ನ ಅಮ್ಮ. ಹುಡುಗಿ ಮುಂದೆ ಏನೂ ಕೇಳಲಿಲ್ಲ. ಒಂದು ಟ್ಯಾಬ್ ಕೈಗಿಟ್ಟು, "ಎಲ್ಲಿ ನೋವಿದೆಯೋ ಅಲ್ಲಿ ಒತ್ತಿ" ಎಂದಳು. ಪರದೆಯ ಮೇಲೆ ಕಣ್ಣು ಮೂಗು ಇಲ್ಲದ ಬೂದು ಬಣ್ಣದ ಒಂದು ಬೊಂಬೆ ಕೈ ಅಗಲಿಸಿಕೊಂಡು ನಿಂತಿತ್ತು.

"ಕಾಲು ನೋವು" ಎಂದರೆ ಎಲ್ಲಿ ಹೇಳಿ? ಕನ್ನಡದಲ್ಲಿ ಸೊಂಟದ ಕೆಳಗಿಂದ ಹೆಬ್ಬೆರಳವರೆಗೆ ಎಲ್ಲವೂ ಕಾಲೇ. ತೊಡೆ ನೋಯಲಿ, ಮಂಡಿ ನೋಯಲಿ, ಮೀನಖಂಡ ಸೆಳೆಯಲಿ, ಹಿಮ್ಮಡಿ ಚುಚ್ಚಲಿ, ಬಾಯಿಗೆ ಬರುವುದು "ಕಾಲು ನೋವು". ಕೈಯದ್ದೂ ಅದೇ ಕತೆ, ರಟ್ಟೆಯಿಂದ ಉಗುರಿನವರೆಗೆ ಒಂದೇ ಕೈ. ಅದರ ಮೇಲೆ ಬೆಂಗಳೂರಿನ ಕಡೆಯ ಸೊಂಟ ನೋವು ಧಾರವಾಡದ ಕಡೆ ಟೊಂಕ ನೋವು. ಮನೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಹೇಳುತ್ತಾ ಕೈಯಿಟ್ಟು ತೋರಿಸುತ್ತೇವೆ, ಅಷ್ಟೇ. ಆದರೆ ಫಾರಂಗೆ ನಮ್ಮ ಕೈ ಕಾಣುವುದಿಲ್ಲ. ಆ ಕೈಯಿಟ್ಟು ತೋರಿಸುವ ಕೆಲಸವನ್ನು ಪರದೆಗೆ ತರುವುದೇ ಬಾಡಿ ಮ್ಯಾಪ್. ದೇಹದ ನಕ್ಷೆ ಎನ್ನಬಹುದು. ಇಂಥ ಸ್ಕ್ರೀನ್‌ಗಳನ್ನು ಮಾಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಈ ಬೊಂಬೆಯ ಹೊಟ್ಟೆಯೊಳಗೆ ಏನಿದೆ ಅಂತ ಸ್ವಲ್ಪ ಬಿಚ್ಚಿ ತೋರಿಸುತ್ತೇನೆ.

ಇದು ಕಂಪ್ಯೂಟರ್ ಕಾಲದ ಹೊಸ ವಿಚಾರ ಅಲ್ಲ. ರೋಗಿಯ ಕೈಗೆ ಪೆನ್ನು ಕೊಟ್ಟು ನೋವನ್ನು ಚಿತ್ರದ ಮೇಲೆ ಗುರುತು ಮಾಡಿಸುವ ಪದ್ಧತಿ ಬಗ್ಗೆ ನ್ಯೂಜಿಲೆಂಡಿನ ವೈದ್ಯಕೀಯ ಪತ್ರಿಕೆಯಲ್ಲಿ 1949ರಲ್ಲೇ ಲೇಖನ ಬಂದಿತ್ತು. 1975ರಲ್ಲಿ ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ಮಾಡಿದ ಮೆಕ್‌ಗಿಲ್ ನೋವಿನ ಪ್ರಶ್ನಾವಳಿಯಲ್ಲೂ ದೇಹದ ಚಿತ್ರ ಇದೆ. ಕಾಗದದ ಕಾಲದಲ್ಲಿ ನೋವಿನ ಬಗೆಗೊಂದು ಗುರುತು ಇರುತ್ತಿತ್ತು: ಉರಿಗೆ ಗುಣಿಸು ಚಿಹ್ನೆ, ಜುಮುಜುಮು ಎಂದರೆ ಸೊನ್ನೆ, ಚುಚ್ಚಿದರೆ ಓರೆ ಗೆರೆ. ಸುಟ್ಟ ಗಾಯದ ವೈದ್ಯರು ಮೈಯ ಎಷ್ಟು ಪಾಲು ಸುಟ್ಟಿದೆ ಎಂದು ಅಳೆಯಲು ದೇಹವನ್ನು ಶೇಕಡಾವಾರು ಹಂಚಿಕೊಂಡಿದ್ದರು. ಅವರ ‘ಒಂಬತ್ತರ ಲೆಕ್ಕ’ದಲ್ಲಿ ದೊಡ್ಡವರ ತಲೆ 9, ಒಂದೊಂದು ಕೈ 9, ಒಂದೊಂದು ಕಾಲು 18, ಮುಂಡದ ಮುಂದೆ 18, ಹಿಂದೆ 18, ತೊಡೆಸಂದಿಗೆ ಉಳಿದ 1. ಕೂಡಿ ನೋಡಿ, ಸರಿಯಾಗಿ ನೂರು. 1986ರಲ್ಲಿ ಇದೇ ಜಾಡಿನಲ್ಲಿ ನೋವಿನ ಚಿತ್ರವನ್ನು 45 ಭಾಗ ಮಾಡಿ, ಒಂದೊಂದು ಭಾಗಕ್ಕೂ ಇಷ್ಟು ತೂಕ ಅಂತ ಕೊಟ್ಟು, ದೇಹದ ಎಷ್ಟು ಪಾಲು ನೋಯುತ್ತಿದೆ ಎಂದು ಅಂಕಿಯಲ್ಲಿ ಹೇಳುವ ವಿಧಾನ ಬಂತು.

ಈಗ ಬೊಂಬೆಯ ಒಳಗೆ ಹೋಗೋಣ. ನೋಡುವುದಕ್ಕೆ ಅದು ಒಂದೇ ಚಿತ್ರ. ನಿಜದಲ್ಲಿ ಹತ್ತಾರು ತುಂಡುಗಳನ್ನು ಅಂಟಿಸಿ ಮಾಡಿದ ಕೌದಿ. ಸಾಮಾನ್ಯವಾಗಿ ಇದನ್ನು ಎಸ್‌ವಿಜಿ ಎಂಬ ರೂಪದಲ್ಲಿ ಬರೆಯುತ್ತಾರೆ. ಫೋಟೋದಲ್ಲಿ ಚುಕ್ಕೆಗಳಿರುತ್ತವೆ, ಎಸ್‌ವಿಜಿಯಲ್ಲಿ ಗೆರೆಗಳ ಲೆಕ್ಕ ಇರುತ್ತದೆ. ಹಾಗಾಗಿ ಎಷ್ಟು ದೊಡ್ಡದು ಮಾಡಿದರೂ ಮಸುಕಾಗುವುದಿಲ್ಲ. ಒಂದೊಂದು ತುಂಡೂ ಸುತ್ತ ಮುಚ್ಚಿದ ಗೆರೆ, ಅದಕ್ಕೊಂದು ಹೆಸರು: ಬಲ-ಮಂಡಿ-ಮುಂದೆ, ಎಡ-ಮೀನಖಂಡ-ಹಿಂದೆ, ಹೀಗೆ. ಬೆರಳು ತಾಗಿದ ಕೂಡಲೇ ಯಾವ ಗೆರೆಯ ಒಳಗೆ ತಾಗಿತು ಎಂಬುದನ್ನು ಬ್ರೌಸರ್ರೇ ಹೇಳಿಬಿಡುತ್ತದೆ. ಆ ತುಂಡಿನ ಬಣ್ಣ ಬದಲಾಗುತ್ತದೆ, ಹೆಸರು ಪಟ್ಟಿಗೆ ಸೇರುತ್ತದೆ. ಅಂದರೆ ಅಮ್ಮ ಬೊಂಬೆ ಒತ್ತಿದಾಗ ಸರ್ವರ್‌ಗೆ ಹೋಗಿದ್ದು ಚಿತ್ರವಲ್ಲ. ಒಂದು ಸಾಲು ಅಷ್ಟೇ: ಜಾಗ ಬಲ ಮಂಡಿ ಮುಂಭಾಗ, ಜೋರು 10ಕ್ಕೆ 6, ಬಗೆ ಸೆಳೆತ, ಇಂಥ ತಾರೀಕು.

ಆ ಜಾಗದ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆದರೆ ಒಂದು ಆಸ್ಪತ್ರೆಯ ಮಂಡಿ ಇನ್ನೊಂದು ಆಸ್ಪತ್ರೆಗೆ ಅರ್ಥವಾಗುವುದಿಲ್ಲ. ಅದಕ್ಕೇ ಸ್ನೋಮೆಡ್ ಸಿಟಿ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಪದಕೋಶ ಇದೆ. ಅದರಲ್ಲಿ ದೇಹದ ಭಾಗಗಳಿಗೆಲ್ಲ ಒಂದೊಂದು ನಂಬರ್. ಭಾರತ 2014ರಿಂದ ಅದರ ಸದಸ್ಯ ದೇಶ. ಪರದೆಯ ಮೇಲೆ ನೀವು ಮಂಡಿ ಎನ್ನಿ, ಮೊಣಕಾಲು ಎನ್ನಿ, ಕೆಳಗೆ ಕೂತಿರುವ ನಂಬರ್ ಒಂದೇ. ಸೊಂಟವೋ ಟೊಂಕವೋ ಎಂಬ ಜಗಳ ಇಲ್ಲಿಗೆ ಮುಗಿಯಿತು.

ಮುಗಿಯದ ಜಗಳ ಬೇರೆ ಇದೆ. ಗೆರೆ ಎಲ್ಲಿ ಎಳೆಯಬೇಕು? ನನ್ನನ್ನು ಕೇಳಿದರೆ ಬಾಡಿ ಮ್ಯಾಪ್‌ನ ಅರ್ಧ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. 1987ರಲ್ಲಿ ಬಂದ ನಾರ್ಡಿಕ್ ಪ್ರಶ್ನಾವಳಿ ಕೆಲಸದ ಜಾಗದ ಮೈಕೈ ನೋವನ್ನು ಅಳೆಯಲು ಇಂದಿಗೂ ಬಳಕೆಯಲ್ಲಿದೆ. ಅದು ದೇಹವನ್ನು ಬರೀ 9 ಭಾಗ ಮಾಡುತ್ತದೆ: ಕುತ್ತಿಗೆ, ಭುಜ, ಮೊಣಕೈ, ಮಣಿಕಟ್ಟು-ಕೈ, ಮೇಲ್ಬೆನ್ನು, ಕೆಳಬೆನ್ನು, ಸೊಂಟದ ಕೀಲು-ತೊಡೆ, ಮಂಡಿ, ಕಣಕಾಲು-ಪಾದ. ಮಿಷಿಗನ್ ವಿಶ್ವವಿದ್ಯಾಲಯದ ನಕ್ಷೆಯಲ್ಲಿ 35 ಜಾಗ. ಸ್ಟ್ಯಾನ್‌ಫರ್ಡ್‌ನವರು ಬಳಸುವ ನಕ್ಷೆಯಲ್ಲಿ ಮುಂದೆ 36, ಹಿಂದೆ 38, ಒಟ್ಟು 74. ಯಾವುದು ಸರಿ? ಕಾರ್ಖಾನೆಯ ಸಾವಿರ ಜನರಲ್ಲಿ ಎಷ್ಟು ಮಂದಿಗೆ ಬೆನ್ನು ನೋವು ಎಂದು ತಿಳಿಯಲು 9 ಸಾಕು. ಒಬ್ಬರ ನೋವು ತಿಂಗಳಿಂದ ತಿಂಗಳಿಗೆ ಎತ್ತ ಸರಿಯಿತು ಎಂದು ನೋಡಲು 9 ಸಾಲದು.

ಕುತ್ತಿಗೆಗೂ ಭುಜಕ್ಕೂ ನಡುವೆ ಒಂದು ಇಳಿಜಾರು ಇದೆಯಲ್ಲ, ಚೀಲ ನೇತುಹಾಕುವ ಜಾಗ, ಅದನ್ನೇ ತೆಗೆದುಕೊಳ್ಳಿ. ನಾವು ಅದನ್ನು ಹೆಗಲು ಎನ್ನುತ್ತೇವೆ. ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಹೆಚ್ಚಾಗಿ ಹಿಡಿದುಕೊಳ್ಳುವುದು ಅಲ್ಲೇ. 9 ಭಾಗದ ನಕ್ಷೆಯಲ್ಲಿ ಆ ಜಾಗಕ್ಕೆ ಸ್ವಂತ ಮನೆಯಿಲ್ಲ. ಅರ್ಧ ಜನ ಕುತ್ತಿಗೆ ಒತ್ತುತ್ತಾರೆ, ಅರ್ಧ ಜನ ಭುಜ ಒತ್ತುತ್ತಾರೆ. ಕೊನೆಗೆ ವರದಿಯಲ್ಲಿ ‘ಕುತ್ತಿಗೆ ನೋವು ಇಷ್ಟು, ಭುಜದ ನೋವು ಇಷ್ಟು’ ಎಂದು ಎರಡು ಅಂಕಿ ಬರುತ್ತವೆ. ಇದ್ದದ್ದು ಒಂದೇ ನೋವು. ಗೆರೆ ಎಳೆದವನು ಅದನ್ನು ಎರಡು ಮಾಡಿದ.

ಇದನ್ನು ತಪ್ಪಿಸಲು ಕೆಲವರು ಗೆರೆಗಳನ್ನೇ ತೆಗೆದುಬಿಡುತ್ತಾರೆ. ಬೆರಳಲ್ಲಿ ಬಣ್ಣ ಬಳಿಯಿರಿ, ಎಲ್ಲಿ ಬೇಕಾದರೂ, ಎಷ್ಟು ಬೇಕಾದರೂ. ಆಗ ಕಂಪ್ಯೂಟರ್ ಚುಕ್ಕಿ ಚುಕ್ಕಿಯನ್ನೂ ನೆನಪಿಟ್ಟುಕೊಳ್ಳುತ್ತದೆ. ನೂರು ಜನರ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟರೆ ಜಾಸ್ತಿ ಜನ ಬಳಿದ ಕಡೆ ಗಾಢ ಬಣ್ಣ, ಕಡಿಮೆ ಇದ್ದ ಕಡೆ ತೆಳು. ನೋಡಲು ಚೆಂದ. ಆದರೆ ಬಳಿಯುವುದರಲ್ಲೂ ಸ್ವಭಾವ ಇರುತ್ತದೆ. ಕೆಲವರು ಸಾಸಿವೆಯಷ್ಟು ಚುಕ್ಕೆ ಇಟ್ಟು ಸುಮ್ಮನಾಗುತ್ತಾರೆ. ಇನ್ನು ಕೆಲವರು ಅದೇ ಮಂಡಿ ನೋವಿಗೆ ಗೋಡೆಗೆ ಸುಣ್ಣ ಹೊಡೆದ ಹಾಗೆ ಇಡೀ ಕಾಲು ಬಳಿಯುತ್ತಾರೆ. ಹಾಗಾಗಿ ಬಣ್ಣದ ಅಗಲ ಹಿಡಿದು ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವುದು ಅಪಾಯ. ಅದೇ ವ್ಯಕ್ತಿಯ ಹೋದ ತಿಂಗಳ ಚಿತ್ರದ ಜೊತೆ ಹೋಲಿಸಿದರೆ ಅರ್ಥ ಇದೆ.

ಮತ್ತೆ ಅಮ್ಮನ ಹತ್ತಿರ ಬರೋಣ. ಅವಳಿಗೆ ನೋವಿದ್ದದ್ದು ಎಡಗಾಲಲ್ಲಿ. ಟ್ಯಾಬ್ ನೋಡಿದಳು, ತನ್ನ ಎಡಗೈ ಪಕ್ಕದ ಕಾಲನ್ನು ಒತ್ತಿದಳು. ಬೊಂಬೆ ಅವಳ ಕಡೆ ಮುಖ ಮಾಡಿ ನಿಂತಿದೆ. ಎದುರಿಗೆ ನಿಂತವರ ಬಲಗಾಲು ಅಲ್ವಾ ನಮ್ಮ ಎಡಕ್ಕೆ ಕಾಣುವುದು? ಹಾಗಾಗಿ ಫೈಲಿಗೆ ಹೋದದ್ದು ಬಲಗಾಲು. ಮೇಲೆ ಹೇಳಿದೆನಲ್ಲ, ‘ಬಲ ಮಂಡಿ ಮುಂಭಾಗ’ ಎಂಬ ಸಾಲು, ಅದು ಇದೇ. ಒಳಗೆ ಫಿಸಿಯೋ ಬಲ ಮಂಡಿ ಹಿಡಿದು ಮಡಚಿ ಬಿಡಿಸಿ ಐದು ನಿಮಿಷ ನೋಡಿದರು. ಅಮ್ಮ ದೊಡ್ಡವರ ಮುಂದೆ ಏನು ಹೇಳುವುದು ಅಂತ ಸುಮ್ನೆ ಮಲಗಿದ್ದಳು! ಕೊನೆಗೆ "ಅದಲ್ಲ ಸ್ವಾಮಿ, ಈ ಕಡೇದು" ಎಂದಳು.

ವೈದ್ಯರಿಗೆ ಇದು ಅಭ್ಯಾಸ. ಎಕ್ಸ್‌ರೇಯನ್ನೂ ರೋಗಿ ಎದುರಿಗೆ ನಿಂತಿದ್ದಾನೆ ಎಂಬ ಲೆಕ್ಕದಲ್ಲೇ ನೋಡುತ್ತಾರೆ. ಆದರೆ ನಮ್ಮ ನಿಮ್ಮಂಥವರು ದಿನಾ ಬೆಳಗ್ಗೆ ನೋಡುವುದು ಕನ್ನಡಿ. ಕನ್ನಡಿಯಲ್ಲಿ ಎಡ ಎಡಕ್ಕೇ ಇರುತ್ತದೆ. ನಾರ್ಡಿಕ್ ಪ್ರಶ್ನಾವಳಿಯ ಚಿತ್ರದಲ್ಲಿ ಈ ತಾಪತ್ರಯ ಇಲ್ಲ, ಅದರಲ್ಲಿರುವುದು ಬೆನ್ನ ಕಡೆಯಿಂದ ಕಾಣುವ ಆಕೃತಿ. ಅದರ ಎಡ ನಿಮ್ಮದೂ ಎಡ. ಮುಂದಿನ ಚಿತ್ರ ಬೇಕೇಬೇಕು ಎಂದರೆ ಎರಡು ಕೆಲಸ ಮಾಡಬೇಕು. ಬೊಂಬೆಯ ಎರಡೂ ಪಕ್ಕ ‘ನಿಮ್ಮ ಬಲ’, ‘ನಿಮ್ಮ ಎಡ’ ಎಂದು ದಪ್ಪಗೆ ಬರೆಯಬೇಕು. ಒತ್ತಿದ ಮೇಲೆ "ನಿಮ್ಮ ಬಲ ಮಂಡಿ, ಸರಿನಾ?" ಎಂದು ಮಾತಿನಲ್ಲಿ ಇನ್ನೊಮ್ಮೆ ಕೇಳಬೇಕು. ಎರಡು ಸಾಲು ಕೋಡ್, ಅಷ್ಟೇ. ಎಷ್ಟೋ ಕಡೆ ಅದೂ ಇರುವುದಿಲ್ಲ.

ಬೆರಳಿನ ದಪ್ಪದ್ದು ಇನ್ನೊಂದು ಗೋಳು. ಐದೂವರೆ ಅಡಿ ಮನುಷ್ಯನನ್ನು ಅಂಗೈ ಅಗಲದ ಫೋನಿಗೆ ಇಳಿಸಿದಾಗ ಅವನ ಕಿರುಬೆರಳು ಅಕ್ಕಿಕಾಳಿಗಿಂತ ಚಿಕ್ಕದು. ಒತ್ತುವ ಜಾಗ ಉದ್ದ ಅಗಲ ಎರಡರಲ್ಲೂ ಕನಿಷ್ಠ 44 ಪಾಯಿಂಟ್ (ಅದು ಪರದೆಯ ಅಳತೆ) ಇರಲಿ ಎಂದು ಆಪಲ್ ಹೇಳುತ್ತದೆ, ಗೂಗಲ್ ತನ್ನ ಅಳತೆಯಲ್ಲಿ 48 ಎನ್ನುತ್ತದೆ. ಹೆಚ್ಚುಕಮ್ಮಿ ಬೆರಳ ತುದಿಯಷ್ಟು ಅಗಲ. ಅದಕ್ಕೇ ಒಳ್ಳೆಯ ನಕ್ಷೆಯಲ್ಲಿ ಮೊದಲು ಕೈ ಒತ್ತಿದರೆ ಕೈ ಮಾತ್ರ ದೊಡ್ಡದಾಗಿ ತೆರೆಯುತ್ತದೆ, ಆಮೇಲೆ ಬೆರಳು. ಕಣ್ಣು ಕಾಣದವರಿಗೆ, ಕೈ ನಡುಗುವವರಿಗೆ ಪಕ್ಕದಲ್ಲೇ ಹೆಸರುಗಳ ಪಟ್ಟಿಯೂ ಇರಬೇಕು. ತಪ್ಪಿ ಒತ್ತಿದ್ದನ್ನು ಅಳಿಸುವುದು ಸುಲಭ ಇರಬೇಕು.

ಜಾಗ ಗೊತ್ತಾಯಿತು. ಈಗ ಶುರುವಾಗುವುದು ನಿಜವಾದ ವಿಚಾರಣೆ. 0ಯಿಂದ 10ರಲ್ಲಿ ಎಷ್ಟು? ಎಷ್ಟು ದಿನದಿಂದ? ಯಾವ ಕೆಲಸಕ್ಕೆ ಅಡ್ಡಿ? ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ? ಮಂಡಿ ಒತ್ತಿದವರಿಗೆ ಮಂಡಿಯ ಪ್ರಶ್ನೆ, ತಲೆ ಒತ್ತಿದವರಿಗೆ ತಲೆಯ ಪ್ರಶ್ನೆ. ನಲವತ್ತು ಪ್ರಶ್ನೆಯ ಕಾಗದದಲ್ಲಿ ಮೂವತ್ತಕ್ಕೆ ‘ಇಲ್ಲ’ ಎಂದು ಟಿಕ್ ಹಾಕುವ ಶಿಕ್ಷೆ ತಪ್ಪುವುದು ಹೀಗೆ. ಕೆಲವು ಉತ್ತರ ಬಂದರೆ ಸಾಫ್ಟ್‌ವೇರ್ ಮುಂದಿನ ಪ್ರಶ್ನೆ ಕೇಳಲೇಬಾರದು. ಎದೆ ಮತ್ತು ಎಡಗೈ ಒಟ್ಟಿಗೆ ಒತ್ತಿ, ಈಗಷ್ಟೇ ಶುರುವಾಯಿತು, ಬೆವರುತ್ತಿದೆ ಎಂದವರಿಗೆ "ನಿದ್ದೆ ಹೇಗಿದೆ?" ಎಂದು ಕೇಳುತ್ತಾ ಕೂರುವುದಲ್ಲ. ಫಾರಂ ನಿಲ್ಲಿಸಿ, 108ಕ್ಕೆ ಕರೆ ಮಾಡಿ ಎಂದು ದೊಡ್ಡಕ್ಷರದಲ್ಲಿ ತೋರಿಸಬೇಕು. ಬೆನ್ನು ನೋವಿನ ಜೊತೆ ತೊಡೆಸಂದು ಮರಗಟ್ಟಿದೆ, ಮೂತ್ರ ಹಿಡಿತಕ್ಕೆ ಸಿಗುತ್ತಿಲ್ಲ ಎಂದರೂ ಅಷ್ಟೇ, ಅದು ಅವತ್ತೇ ಆಸ್ಪತ್ರೆಗೆ ಓಡಬೇಕಾದ ಲಕ್ಷಣ.

ಪ್ರಶ್ನೆಗಳನ್ನು ಕನ್ನಡಕ್ಕೆ ತರುವಾಗ ಇನ್ನೊಂದು ತಮಾಷೆ ನಡೆಯುತ್ತದೆ. ‘ಜಾಗ’ ಎಂಬ ಪಟ್ಟಿ, ‘ಬಗೆ’ ಎಂಬ ಪಟ್ಟಿ, ಎರಡನ್ನೂ ಕಂಪ್ಯೂಟರ್ ತಾನೇ ಜೋಡಿಸುತ್ತದೆ. ಎದೆ, ಉರಿ: ಎದೆ ಉರಿ. ಸರಿ, ಅಸಿಡಿಟಿ. ಹೊಟ್ಟೆ, ಉರಿ: "ನಿಮಗೆ ಹೊಟ್ಟೆ ಉರಿ ಎಷ್ಟು ದಿನಗಳಿಂದ ಇದೆ?" ನಮ್ಮ ಟೆಸ್ಟಿಂಗ್‌ನಲ್ಲಿ ಇದನ್ನು ಓದಿದವರು "ಪಕ್ಕದ ಮನೆಯವರು ಕಾರು ತಗೊಂಡಾಗಿನಿಂದ" ಎಂದು ಬರೆದುಬಿಟ್ಟರು.

ನಗು ಹಾಗಿರಲಿ, ಈ ನಕ್ಷೆಗಳ ಬಗ್ಗೆ ಜನ ಜಾಸ್ತಿ ತಪ್ಪು ತಿಳಿಯುವುದು ಒಂದೇ ವಿಷಯದಲ್ಲಿ. ನೋವು ಕಾಣುವ ಜಾಗವೇ ನೋವು ಹುಟ್ಟುವ ಜಾಗ ಅಂದುಕೊಳ್ಳುತ್ತಾರೆ. ಹೃದಯದ ನೋವು ಎಡಗೈಗೆ, ದವಡೆಗೆ ಬರಬಹುದು. ಪಿತ್ತಕೋಶದ ಕಲ್ಲು ಬಲ ಹೆಗಲಲ್ಲಿ ನೋಯಬಹುದು. ಮೂತ್ರಪಿಂಡದ ಕಲ್ಲು ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತದೆ. ಸೊಂಟದ ಕೀಲು ಸವೆದಿದ್ದರೂ ಕೆಲವರಿಗೆ ಗೊತ್ತಾಗುವುದು ಬರೀ ಮಂಡಿ ನೋವು. ಒಳಗಿನ ಅಂಗ ಕೆಟ್ಟಾಗ ಹೊರಗಿನ ಚರ್ಮದ ಯಾವ ಪಟ್ಟಿ ನೋಯುತ್ತದೆ ಎಂದು ಇಂಗ್ಲೆಂಡಿನ ನರವೈದ್ಯ ಹೆನ್ರಿ ಹೆಡ್ 1893ರಲ್ಲೇ ಗುರುತಿಸಿ ಬರೆದಿದ್ದರು. ಒಂದೊಂದು ನರದ ಬೇರಿಗೂ ಚರ್ಮದ ಮೇಲೆ ಒಂದು ಪಟ್ಟಿ ಇದೆ ಎಂಬುದು ಇವತ್ತು ವೈದ್ಯರಿಗೆಲ್ಲ ಪಾಠ.

ಬಾಡಿ ಮ್ಯಾಪ್ ತನ್ನ ಕೈಚಳಕ ತೋರಿಸುವುದೂ ಇಲ್ಲೇ. ರೋಗಿ "ಕಾಲು ನೋವು" ಎಂದರೆ ಏನೂ ಗೊತ್ತಾಗಲಿಲ್ಲ. ಆದರೆ ಬೊಂಬೆಯ ಮೇಲೆ ಅವರು ಪಿರ್ರೆಯಿಂದ ಹಿಡಿದು ತೊಡೆಯ ಹಿಂದೆ, ಮೀನಖಂಡ, ಪಾದದ ಹೊರ ಅಂಚು, ಕಿರುಬೆರಳು, ಹೀಗೆ ಒಂದು ಉದ್ದ ಪಟ್ಟಿ ಬಳಿದರು ಅನ್ನಿ. ನೋಡಿದ ವೈದ್ಯರ ಕಣ್ಣು ಕಾಲು ಬಿಟ್ಟು ಬೆನ್ನಿನ ಬುಡಕ್ಕೆ ಹೋಗುತ್ತದೆ. ಅದು ಬೆನ್ನುಮೂಳೆಯ ತಳದ ಒಂದು ನರದ ದಾರಿ. ಜನ ಸಯಾಟಿಕಾ ಎನ್ನುತ್ತಾರಲ್ಲ, ಅದು. ಪಟ್ಟಿ ಹೆಬ್ಬೆರಳ ಕಡೆಗೆ ತಿರುಗಿದ್ದರೆ ಅದರ ಮೇಲಿನ ನರದ ಮೇಲೆ ಅನುಮಾನ. ಬೊಂಬೆ ಕಾಯಿಲೆ ಹೇಳಲಿಲ್ಲ. ವೈದ್ಯರು ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂದು ಹೇಳಿತು. "ಮಂಡಿ ಒತ್ತಿದಿರಿ, ಆದ್ದರಿಂದ ನಿಮಗೆ ಮಂಡಿ ಸವೆತ" ಎಂದು ತಾನೇ ತೀರ್ಪು ಕೊಡುವ ಆಪ್ ಕಂಡರೆ ನನಗೆ ನಂಬಿಕೆ ಬರುವುದಿಲ್ಲ.

ನೋವಷ್ಟೇ ಅಲ್ಲ, ಮನಸ್ಸನ್ನೂ ಬೊಂಬೆಯ ಮೇಲೆ ಬಳಿಸಿದವರಿದ್ದಾರೆ. ಫಿನ್‌ಲೆಂಡಿನ ಲೌರಿ ನುಮ್ಮೆನ್ಮಾ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 701 ಜನ ಭಾಗವಹಿಸಿದ್ದರು. ಪದಗಳು, ಕತೆಗಳು, ಸಿನಿಮಾ ತುಣುಕುಗಳು, ಮುಖಭಾವಗಳನ್ನು ತೋರಿಸಿ ಎರಡು ಬೊಂಬೆ ಕೊಟ್ಟರು. ಮೈಯಲ್ಲಿ ಎಲ್ಲಿ ಚುರುಕಾಯಿತೋ ಅದನ್ನು ಒಂದರ ಮೇಲೆ, ಎಲ್ಲಿ ಮಂಕಾಯಿತೋ ಅದನ್ನು ಇನ್ನೊಂದರ ಮೇಲೆ ಬಳಿಯಬೇಕು. ಖುಷಿ ಇಡೀ ಮೈ ತುಂಬಿತು. ಸಿಟ್ಟು ಎದೆ, ತಲೆ, ಕೈಗಳಲ್ಲಿ ಕೂತಿತು. ಖಿನ್ನತೆಯಲ್ಲಿ ಕೈಕಾಲು ತಣ್ಣಗಾದವು. ಫಿನ್‌ಲೆಂಡ್, ಸ್ವೀಡನ್, ತೈವಾನ್ ಜನರ ಚಿತ್ರಗಳು ಹೆಚ್ಚುಕಮ್ಮಿ ಒಂದೇ ಥರ ಬಂದವು. ಇದನ್ನು ಓದಿದಾಗ ನನಗೆ ನಮ್ಮ ಮಾತುಗಳೇ ನೆನಪಾದವು. ಎದೆ ಭಾರ, ಕರುಳು ಚುರ್ ಅಂತು, ಕೈಕಾಲೇ ಆಡಲಿಲ್ಲ, ತಲೆ ಬಿಸಿ. ಆದರೆ ಇದು ಜನ ತಮಗೆ ಅನ್ನಿಸಿದ್ದನ್ನು ಬಳಿದ ಚಿತ್ರ, ಮೈಯೊಳಗೆ ಉಪಕರಣ ಇಟ್ಟು ಅಳೆದದ್ದಲ್ಲ. ವೆಲ್‌ನೆಸ್ ಆಪ್‌ಗಳು ಒತ್ತಡದ ಬಗ್ಗೆ ಇಂಥ ನಕ್ಷೆ ತೋರಿಸುವಾಗ ಈ ವ್ಯತ್ಯಾಸ ನೆನಪಿರಲಿ.

ಕಂಪನಿಗಳು ನೌಕರರಿಗೆ ಮಾಡಿಸುವ ವೆಲ್‌ನೆಸ್ ತಪಾಸಣೆಯಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. 60 ಜನರ ಕಚೇರಿ ಅಂದುಕೊಳ್ಳಿ. 20 ಜನ ಬಲ ಮಣಿಕಟ್ಟು ಒತ್ತಿದ್ದಾರೆ. ಮೌಸ್ ಮತ್ತು ಮೇಜಿನ ಎತ್ತರ ನೋಡಬೇಕು ಅನ್ನುವುದಕ್ಕೆ ಇದು ಒಳ್ಳೆಯ ಸುಳಿವು. ಆದರೆ ಉಳಿದ 40 ಜನ? ನೋವಿಲ್ಲದವರೋ, ಫಾರಂ ಅನ್ನೇ ತೆರೆಯದವರೋ? ‘ನನಗೆ ಎಲ್ಲೂ ನೋವಿಲ್ಲ’ ಎಂಬ ಗುಂಡಿ ಇಲ್ಲದಿದ್ದರೆ ಖಾಲಿ ಬೊಂಬೆಗೆ ಎರಡೂ ಅರ್ಥ ಬರುತ್ತದೆ. ಇನ್ನು ಐದೇ ಜನರ ತಂಡದ ನಕ್ಷೆಯನ್ನು ಮ್ಯಾನೇಜರ್‌ಗೆ ತೋರಿಸಿದರೆ ಕಿಬ್ಬೊಟ್ಟೆ ಒತ್ತಿದ್ದು ಯಾರು ಎಂದು ಪತ್ತೆ ಮಾಡಲು ಅವರಿಗೆ ಒಂದು ಕಾಫಿಯ ಹೊತ್ತು ಸಾಕು. ಸಣ್ಣ ಗುಂಪಿನ ಚಿತ್ರ ತೋರಿಸಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯನ್ನು ಇಂಥದ್ದೇ ಉದ್ದೇಶಕ್ಕೆ ಎಂದು ಹೇಳಿ ಕೇಳಬೇಕು, ಕೊಟ್ಟವರು ಅದನ್ನು ವಾಪಸ್ ಪಡೆಯಲೂಬಹುದು.

ನಾಚಿಕೆಯ ಮಾತೂ ಇದೆ. ಹತ್ತು ಜನ ಕೂತ ಹಾಲ್‌ನಲ್ಲಿ ಟ್ಯಾಬ್ ಹಿಡಿದ ಅಮ್ಮಂದಿರು ಬೊಂಬೆಯ ಕೆಲವು ಜಾಗ ಒತ್ತುವುದೇ ಇಲ್ಲ. ನೋವು ಅಲ್ಲೇ ಇದ್ದರೂ ಹೊಟ್ಟೆ ಒತ್ತಿ ಕೊಟ್ಟುಬಿಡುತ್ತಾರೆ. ‘ಡಾಕ್ಟರ್‌ಗೆ ಮಾತ್ರ ಹೇಳುತ್ತೇನೆ’ ಎಂಬ ಒಂದು ಗುಂಡಿ ಇಟ್ಟರೆ ಆ ಸುಳ್ಳು ತಪ್ಪುತ್ತದೆ.

ನಾವು ಹೊಸದಾಗಿ ಮಾಡಿದ ನಕ್ಷೆಯನ್ನು ಮೊನ್ನೆ ಅಮ್ಮನಿಗೇ ಮೊದಲು ಕೊಟ್ಟೆ. ಈ ಸಲ ಎಡ ಮಂಡಿಯನ್ನು ಸರಿಯಾಗಿ ಒತ್ತಿದಳು. "ನಿಮ್ಮ ಎಡ ಮಂಡಿ, ಸರಿನಾ?" ಎಂದು ಫೋನ್ ಕೇಳಿದ್ದಕ್ಕೆ "ಹೂಂ" ಎಂದು ಅದಕ್ಕೇ ಉತ್ತರ ಕೊಟ್ಟಳು. ನನಗೆ ಖುಷಿಯೋ ಖುಷಿ. ಆಮೇಲೆ ಬೊಂಬೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು, "ಸುಸ್ತಿಗೆ ಎಲ್ಲಿ ಒತ್ತಬೇಕೋ?"

ಎಲ್ಲೂ ಇಲ್ಲ. ಸುಸ್ತು, ತಲೆ ಸುತ್ತು, ಊಟ ಸೇರದಿರುವುದು, ನಿದ್ದೆ ಬಾರದಿರುವುದು, ಇವಕ್ಕೆ ನಾವು ಎಳೆದ ಅಷ್ಟೂ ಗೆರೆಗಳಲ್ಲಿ ಒಂದೂ ಜಾಗ ಇರಲಿಲ್ಲ. ಈಗ ಬೊಂಬೆಯ ಪಕ್ಕದ ಖಾಲಿ ಜಾಗದಲ್ಲಿ ಒಂದು ಗುಂಡಿ ಇದೆ: ‘ಇಂಥ ಕಡೆ ಅಂತ ತೋರಿಸಲು ಆಗದ ತೊಂದರೆ’. ಅಮ್ಮ ಮಂಡಿಗೆ 4 ಕೊಟ್ಟಿದ್ದಳು. ಆ ಗುಂಡಿ ಒತ್ತಿ 8 ಕೊಟ್ಟಳು.